ಉಪ್ಪು ಹೋಯಿತು, ಬಸವನಹುಳು ಬಂತು

ಕಬ್ಬಿಗೆ ನೀರುಣಿಸಿದ ಕಾಲುವೆಯೇ ಊರಿಗೆ ಕಾಯಿಲೆ ತಂದಿತು. ಇದು ಪಶ್ಚಿಮ ಆಫ್ರಿಕಾದ ಸೆನೆಗಲ್ ದೇಶದ ರಿಶಾರ್ ಟೋಲ್ ಪಟ್ಟಣದ ಕಥೆ.

ಮೊದಲೆಲ್ಲ ಬೇಸಿಗೆ ಬಂತೆಂದರೆ ಸಮುದ್ರದ ಉಪ್ಪುನೀರು ಸೆನೆಗಲ್ ನದಿಯೊಳಗೆ ನುಗ್ಗುತ್ತಿತ್ತು. ಸಿಹಿನೀರಿನ ಬಸವನಹುಳುಗಳಿಗೆ ಅದು ಆಗಿಬರುತ್ತಿರಲಿಲ್ಲ. 1986ರಲ್ಲಿ ಡಿಯಾಮಾ ಅಣೆಕಟ್ಟು ಉಪ್ಪನ್ನು ತಡೆಯಿತು. ವರ್ಷವಿಡೀ ಸಿಹಿನೀರು, ನಿಧಾನವಾಗಿ ಹರಿಯುವ ಕಾಲುವೆ, ಹೊಲದ ಗೊಬ್ಬರ ಕುಡಿದು ಕೊಬ್ಬಿದ ನೀರುಕಳೆ. ಬಸವನಹುಳುಗಳಿಗೆ ಇನ್ನೇನು ಬೇಕು? ಅವನ್ನು ತಿನ್ನುವ ಸಿಗಡಿಗಳ ದಾರಿಯನ್ನೂ ಅಣೆಕಟ್ಟು ಮುಚ್ಚಿತ್ತು. 1988ರಲ್ಲೇ ಅಲ್ಲಿ ಕರುಳಿನ ಶಿಸ್ಟೊಸೊಮಿಯಾಸಿಸ್ ಎಂಬ ಪರೋಪಜೀವಿ ಕಾಯಿಲೆ ಕಾಣಿಸಿಕೊಂಡಿತು.

ಹರಡೋದು ಹೀಗೆ. ರೋಗಿಯ ಮಲದಿಂದ ಪರೋಪಜೀವಿಯ ಮೊಟ್ಟೆ ನೀರು ಸೇರುತ್ತೆ. ಒಡೆದು ಬಂದ ಮರಿ ಬಸವನಹುಳುವಿನೊಳಗೆ ಹೊಕ್ಕು, ಒಂದು ಸಾವಿರಾರಾಗಿ ಹೊರಬರುತ್ತೆ. ಅದೂ ಹೆಚ್ಚಾಗಿ ಬಿಸಿಲೇರಿದ ಮೇಲೆ, ಮಕ್ಕಳು ಈಜುವ ಹೊತ್ತಲ್ಲೇ! ನೀರು ಕುಡಿಯಬೇಕಿಲ್ಲ, ಚರ್ಮ ತಾಕಿದರೆ ಸಾಕು, ಒಳಗೆ ನುಗ್ಗುತ್ತೆ.

ಮಳೆ ನಂಬಿದ ಹೊಂಡಗಳು ಬೇಸಿಗೆಯಲ್ಲಿ ಬತ್ತುತ್ತವೆ, ಸೋಂಕೂ ನಿಲ್ಲುತ್ತೆ. ಕೆಲವು ಜಾತಿಯ ಬಸವನಹುಳು ಕೆಸರಲ್ಲಿ ಅವಿತು ಮಳೆಗೆ ಕಾಯುತ್ತವೆ. ಆದರೆ ಕಾಲುವೆಗೆ ಬತ್ತುವ ಆ ಬಿಡುವೇ ಇಲ್ಲ.

ಪ್ರಾಜಿಕ್ವಾಂಟೆಲ್ ಮಾತ್ರೆ ಪರೋಪಜೀವಿಯನ್ನು ಕೊಲ್ಲುತ್ತೆ. ಆದರೆ ಅದೇ ನೀರಿಗಿಳಿದರೆ ಮತ್ತೆ ಸೋಂಕು. ನನಗೆ ನಿಜಕ್ಕೂ ಭರವಸೆ ಕೊಟ್ಟದ್ದು ಸೆನೆಗಲ್‌ನಲ್ಲೇ ನಡೆದು 2023ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಜನ ನೀರಿಗಿಳಿಯುವ ಕಡೆ ಕಳೆ ಕಿತ್ತಾಗ ಮಕ್ಕಳಲ್ಲಿ ಮರುಸೋಂಕು ಇಳಿಯಿತು. ಕಿತ್ತ ಕಳೆ ಗೊಬ್ಬರವೂ ಆಯಿತು, ದನಕುರಿಗೆ ಮೇವೂ ಆಯಿತು.

ಕಾಲುವೆ ತೋಡುವ ಖರ್ಚಿನಲ್ಲೇ ಈ ಕೆಲಸಕ್ಕೂ ಶೌಚಾಲಯಕ್ಕೂ ಹಣ ತೆಗೆದಿಡಬೇಕು.