ಚೈತ್ರದಲ್ಲಿ ಕಡಲಿಗೊಂದು ಗಾಳ

ಹರದನಹಳ್ಳಿಯ ಸುತ್ತ ಬಿದ್ದ ಮಳೆಯ ಹನಿ ಹೇಮಾವತಿಯನ್ನು ಸೇರಿ, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯಾಗಿ, ದಾರಿಯ ನಾಲೆಗಳೆಲ್ಲ ಕುಡಿದು ಉಳಿದರೆ, ತಮಿಳುನಾಡನ್ನು ದಾಟಿ ಪೂರ್ವಸಮುದ್ರವನ್ನು ಮುಟ್ಟಬೇಕು. ಆದರೆ ನಮ್ಮ ಸೀಮೆಯ ಮನುಷ್ಯನಿಗೆ ಸಮುದ್ರ ನೋಡುವ ಮನಸ್ಸಾದರೆ ಅವನು ನೀರು ಹೋದ ದಿಕ್ಕಿಗೆ ಹೋಗುವುದಿಲ್ಲ. ಪಶ್ಚಿಮಕ್ಕೆ ಮುಖ ಮಾಡುತ್ತಾನೆ. ಹಾಸನ, ಸಕಲೇಶಪುರ, ಶಿರಾಡಿ ಘಾಟಿ ದಾಟಿದರೆ ಅರ್ಧ ದಿನದೊಳಗೆ ಕರಾವಳಿ. ಹತ್ತಿರವಾದದ್ದು ಸುಲಭವಾದದ್ದೆಂದು ಭ್ರಮಿಸುವುದು ಇಲ್ಲಿಂದಲೇ ಆರಂಭವಾಗುತ್ತದೆ.

ಈ ವರ್ಷ ನನ್ನ ಹಳೆಯ ವಿದ್ಯಾರ್ಥಿಗಳು ಐವರಿಗೆ ಯುಗಾದಿ ಕಳೆದ ಮೇಲೆ ಮಲ್ಪೆಗೆ ಹೋಗಿ, ದೋಣಿಯಲ್ಲಿ ಕುಳಿತು, ಕಡಲಿಗೆ ಗಾಳ ಹಾಕಿಬರಬೇಕೆಂಬ ಹಂಬಲ ಹುಟ್ಟಿದೆ. ಐವರೂ ಹೊಳೆಯಲ್ಲಿಯೂ ನಾಲೆಯಲ್ಲಿಯೂ ಕಾಟ್ಲ, ರೋಹು, ಜಿಲೇಬಿ ಮೀನುಗಳನ್ನು ಹಿಡಿದು ಕೈ ಪಳಗಿದವರೇ. “ಗಾಳ ಹಾಕಕ್ಕೆ ಬರ್ತದೆ, ದೋಣಿ ಬಾಡ್ಗೆಗೆ ಸಿಗ್ತದೆ, ಇನ್ನೇನ್ ಬೇಕು ಮೇಷ್ಟ್ರೆ?” ಎಂದು ಅವರಲ್ಲೊಬ್ಬನು ಕೇಳಿದನು. ಇನ್ನೇನು ಬೇಕೆಂಬುದನ್ನು ಅವನಿಗೆ ಹೇಳಹೊರಟದ್ದು ಇಷ್ಟುದ್ದವಾಯಿತು. ವಾಚಕರಲ್ಲಿಯೂ ಅಂಥ ಹಂಬಲದವರು ಇರಬಹುದೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೀನು ತಿನ್ನದ ಕನ್ನಡ ಪಂಡಿತನಿಗೆ ಈ ವಿಷಯದಲ್ಲಿ ಏನು ಅಧಿಕಾರವೆಂದು ಕೇಳಬಹುದು. ಕಲ್ಯಾಣದ ಚಾಲುಕ್ಯ ದೊರೆ ಭೂಲೋಕಮಲ್ಲ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಒಂದುಂಟು. ಕಡಲ ಮೀನು ಯಾವುದು, ಹೊಳೆಯ ಮೀನು ಯಾವುದು, ಯಾವುದಕ್ಕೆ ಯಾವ ಮೇವು, ಕೋಲು ಹೇಗಿರಬೇಕು, ದಾರ ಹೇಗಿರಬೇಕು ಎಂಬ ವಿಚಾರ ಅಲ್ಲಿ ಬಂದಿದೆ. ನಮ್ಮ ಕಾಲದ ಮತ್ಸ್ಯಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು ಅದನ್ನು ಶ್ರದ್ಧೆಯಿಂದ ಓದಿ ವಿವೇಚಿಸಿದರು. ಗಾಳ ಹಾಕುವುದು ಕೆಲಸವಿಲ್ಲದವರ ಕೆಲಸವೆಂದು ಮೂಗು ಮುರಿಯುವವರು ಈ ದೊರೆಯನ್ನು ಒಮ್ಮೆ ನೆನೆಯಲಿ. ಇಂದಿನ ‘ಗಾಳ’ಕ್ಕೆ ಹಳಗನ್ನಡದಲ್ಲಿ ‘ಗಾಣ’ವೆಂಬ ರೂಪವೂ ಉಂಟು, ಎಣ್ಣೆಯ ಗಾಣವೆಂದು ಅರ್ಥಮಾಡಿ ಪರೀಕ್ಷೆಯಲ್ಲಿ ಅಂಕ ಕಳೆದುಕೊಂಡ ಹುಡುಗರು ಹಲವರು.

ಮೊದಲು ಮೀನಿನ ವಿಷಯ. ಬಿಳಿಯ ದೊರೆಗಳು ಈ ದೇಶಕ್ಕೆ ಬಂದಾಗ ತಮ್ಮೂರಿನ ಸಾಲ್ಮನ್ ಮತ್ತು ಹ್ಯಾಲಿಬಟ್ ಮೀನುಗಳನ್ನು ಇಲ್ಲಿಯೂ ಹುಡುಕಿದರು. ಸಿಗದಿದ್ದಾಗ ಸಿಕ್ಕಿದ್ದಕ್ಕೆ ಆ ಹೆಸರನ್ನು ತೊಡಿಸಿದರು. ಕೊಂಕಣದ ಕಡೆಯವರು ರಾವಸವೆನ್ನುವ ಮೀನು ಹೀಗೆ ಇಂಡಿಯನ್ ಸಾಲ್ಮನ್ ಆಯಿತು. ಎರಡಕ್ಕೂ ನೆಂಟಸ್ತಿಕೆಯೇನೂ ಇಲ್ಲ. ಸಾಲ್ಮನ್ ಹೊಳೆಯಲ್ಲಿ ಹುಟ್ಟಿ, ಕಡಲಲ್ಲಿ ಬೆಳೆದು, ಮೊಟ್ಟೆಯಿಡಲು ಹುಟ್ಟಿದ ಹೊಳೆಗೇ ಹಿಂದಿರುಗುವ ಜಾತಿ. ರಾವಸವು ದಡದ ಹತ್ತಿರದ ಬಗ್ಗಡ ನೀರಿನ ಮೀನು. ಅದರ ಪಕ್ಕದ ರೆಕ್ಕೆಯ ಕೆಳಗೆ ನಾಲ್ಕು ಬಿಡಿ ಎಳೆಗಳು ಮೀಸೆಯಂತೆ ಇಳಿಬಿದ್ದಿರುತ್ತವೆ; ಕಣ್ಣು ಕಾಣದ ಕೆಸರಿನಲ್ಲಿ ಅವುಗಳಿಂದ ತಡವಿ ಮೇವನ್ನು ಕಂಡುಕೊಳ್ಳುತ್ತದೆ. ಇನ್ನೊಂದು ಸೋಜಿಗವನ್ನು ಗಾಳ ಹಾಕುವವನು ತಿಳಿದಿರಲೇಬೇಕು. ಈ ಮೀನು ಮೊದಲು ಗಂಡಾಗಿ ಬೆಳೆದು, ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಎಂದಮೇಲೆ ದೊಡ್ಡ ದೊಡ್ಡದನ್ನೇ ಆರಿಸಿ ಹಿಡಿದರೆ ಮೊಟ್ಟೆಯಿಡುವ ತಾಯಂದಿರನ್ನೇ ಹಿಡಿದಂತಾಯಿತು. ದೊಡ್ಡದು ಸಿಕ್ಕಿದರೆ ಒಂದು ಚಿತ್ರ ತೆಗೆದುಕೊಂಡು ನೀರಿಗೆ ಬಿಡಿರೆಂದು ನಮ್ಮ ಐವರಿಗೂ ಹೇಳಿದ್ದೇನೆ. ಬಿಡುತ್ತಾರೆಂಬ ನಂಬಿಕೆ ಅಷ್ಟಾಗಿ ಇಲ್ಲ.

ಹ್ಯಾಲಿಬಟ್ಟಿನ ವಿಷಯದಲ್ಲಾದರೆ ನೆಂಟಸ್ತಿಕೆ ನಿಜವಾದದ್ದೆ. ಅದು ಚಪ್ಪಟೆ ಮೀನು. ನಮ್ಮ ಕರಾವಳಿಯ ನಂಗು ಮೀನೂ ಅದೇ ಬಳಗದ ಕಿರಿಯ. ಮರಿಯಾಗಿದ್ದಾಗ ನಂಗಿಗೂ ಎಲ್ಲ ಮೀನುಗಳಂತೆ ಎರಡು ಪಕ್ಕಕ್ಕೂ ಒಂದೊಂದು ಕಣ್ಣಿರುತ್ತದೆ. ಬೆಳೆಯುತ್ತ ಒಂದು ಕಣ್ಣು ತಲೆಯನ್ನು ಸುತ್ತಿಕೊಂಡು ಇನ್ನೊಂದರ ಪಕ್ಕಕ್ಕೆ ಬಂದು ಸೇರುತ್ತದೆ. ಆ ಮೇಲೆ ಅದು ಕುರುಡು ಪಕ್ಕವನ್ನು ಕೆಳಗೆ ಮಾಡಿ ಮರಳಿನ ಮೇಲೆ ಮಲಗಿಬಿಡುತ್ತದೆ. ಆದರೆ ನಂಗನ್ನು ನಂಬಿ ಚೈತ್ರದಲ್ಲಿ ಗಾಳ ಹೊತ್ತುಕೊಂಡು ಹೋಗಬೇಡಿ. ಅದು ಮಳೆಗಾಲ ಕಳೆದ ಮೇಲೆ ದಡದ ಬಳಿ ಹಿಂಡುಹಿಂಡಾಗಿ ಬರುವ, ಬಲೆಗೆ ಬೀಳುವ ಮೀನು.

ಗಾಳಕ್ಕೆ ನಿಜವಾದ ಎದುರಾಳಿ ಅಂಜಲ್. ಬೂತಾಯಿ, ಬಂಗುಡೆಗಳ ಹಿಂಡನ್ನು ಅಟ್ಟಿಕೊಂಡು ಹೋಗುವ ವೇಗಗಾರ. ದೋಣಿ ಓಡುತ್ತಿರುವಾಗ ಅದರ ಹಿಂದೆ ಗಾಳವನ್ನು ಎಳೆದೊಯ್ದು ಇದನ್ನು ಹಿಡಿಯಬೇಕು. ಹಲ್ಲು ಕತ್ತರಿಯಂತಿರುವುದರಿಂದ ಗಾಳದ ಮೇಲೆ ಒಂದು ಗೇಣು ಉಕ್ಕಿನ ತಂತಿ ಇರಬೇಕು; ನಾಲೆಯಲ್ಲಿ ಬಳಸುವ ದಾರವನ್ನು ನೇರವಾಗಿ ಕಟ್ಟಿದರೆ ಮೀನೂ ಇಲ್ಲ, ಗಾಳವೂ ಇಲ್ಲ. ಹೊಸಬರಿಗೆ ನಾನು ಹೇಳುವುದು ಮಾತ್ರ ಕಾಣೆ ಮೀನನ್ನು. ಅಳಿವೆಯ ಒಳಗಣ ಮರಳು ನೆಲದಲ್ಲಿ, ಶಾಂತ ನೀರಿನಲ್ಲಿ ಅದು ಸಿಗುತ್ತದೆ. ಬಾಯಿ ಕಿರಿದು, ಗಾಳವೂ ಕಿರಿದಾಗಿರಬೇಕು. ಕಡಲು ಮುನಿದ ದಿನ ಅಳಿವೆಯನ್ನು ದಾಟದೆ ಕಾಣೆಯೊಂದಿಗೆ ತೃಪ್ತಿಪಟ್ಟುಕೊಂಡು ಬರಬಹುದು.

ಈ ಅಳಿವೆಯೆಂಬ ಮಾತು ನಮ್ಮ ಕಡೆಯವರಿಗೆ ತಿಳಿಯದು. ಹೊಳೆಯು ಕಡಲನ್ನು ಕೂಡುವ ಬಾಯಿಗೆ ಅಳಿವೆಯೆಂದು ಹೆಸರು. ಹೊಳೆಯ ಹೆಸರು ಅಳಿಯುವ ಜಾಗವೆಂದು ನನ್ನ ಮನಸ್ಸಿಗೆ ತೋರುವುದುಂಟು. ಇದು ವ್ಯುತ್ಪತ್ತಿಯಲ್ಲ, ಮೇಷ್ಟರ ಲಹರಿ. ಮಂಗಳೂರಿನಲ್ಲಿ ನೇತ್ರಾವತಿ ಗುರುಪುರ ಹೊಳೆಗಳದು ಒಂದು, ಮಲ್ಪೆಯ ಬಳಿ ಉದ್ಯಾವರ ಹೊಳೆಯದು ಒಂದು, ಗಂಗೊಳ್ಳಿಯಲ್ಲಿ ಪಂಚಗಂಗಾವಳಿಯದು ಒಂದು. ಹೊಳೆ ತಂದ ಮರಳೂ ಕಡಲು ತಳ್ಳಿದ ಮರಳೂ ಅಲ್ಲಿ ನೀರಿನ ಅಡಿಯಲ್ಲಿ ದಿಣ್ಣೆಯಾಗಿ ನಿಲ್ಲುತ್ತವೆ. ಆಳವಾದ ನೀರಿನಲ್ಲಿ ತಗ್ಗಾಗಿ ಉದ್ದುದ್ದನೆಯಾಗಿ ಬರುವ ಅಲೆ ಈ ದಿಣ್ಣೆಯ ಮೇಲೆ ಬಂದೊಡನೆ ಅದರ ನಡೆ ತಗ್ಗಿ, ಬೆನ್ನು ನಿಗುರಿ, ಮುರಿದು ಬೀಳುತ್ತದೆ. ಇಳಿತದ ಹೊತ್ತಾದರೆ ಇನ್ನೂ ಕೆಡುಕು: ಹೊರಗೆ ಓಡುವ ಹೊಳೆಯ ನೀರು ಒಳಗೆ ಬರುವ ಅಲೆಗೆ ಎದುರು ನಿಂತು ಅದನ್ನು ಮತ್ತಷ್ಟು ಕಡಿದಾಗಿ ಮಾಡುತ್ತದೆ. ಹೊರಗಿನ ಕಡಲು ಕನ್ನಡಿಯಂತಿದ್ದ ದಿನವೂ ಅಳಿವೆಯ ಬಾಯಲ್ಲಿ ದೋಣಿ ಮಗುಚುವುದು ಇದರಿಂದ.

ಇದನ್ನು ನಾನು ಪುಸ್ತಕದಿಂದ ಹೇಳುತ್ತಿಲ್ಲ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ, ನೌಕರಿಗೆ ಸೇರಿದ ಹೊಸದರಲ್ಲಿ, ನಾವು ನಾಲ್ವರು ಉಪಾಧ್ಯಾಯರು ಇಂಥದೇ ವಿನೋದಕ್ಕೆ ಹೋಗಿದ್ದೆವು. ಬೆಳಗ್ಗೆ ಆರಕ್ಕೆ ಹೊರಡಬೇಕಾದವರು ತಿಂಡಿ ಮುಗಿಸಿ ಒಂಬತ್ತಕ್ಕೆ ಹೊರಟೆವು. ದೋಣಿಯವನು ಹನ್ನೊಂದಕ್ಕೆ ಹಿಂದಿರುಗೋಣವೆಂದ; ಮೀನು ಕಚ್ಚತೊಡಗಿದ್ದರಿಂದ ಇನ್ನೊಂದು ಗಳಿಗೆ, ಇನ್ನೊಂದು ಗಳಿಗೆ ಎಂದು ನಾವೇ ಅವನನ್ನು ತಡೆದೆವು. ಹಿಂದಿರುಗಿದಾಗ ಮೂರು ಗಂಟೆ. ಗಾಳಿ ಎದ್ದಿತ್ತು, ಇಳಿತ ಜೋರಾಗಿತ್ತು. ಅಳಿವೆಯ ಬಾಯಲ್ಲಿ ಹಿಂದಿನಿಂದ ಬಂದ ಅಲೆಯೊಂದು ದೋಣಿಯ ಹಿಂಬದಿಯನ್ನೆತ್ತಿ ಪಕ್ಕಕ್ಕೆ ತಿರುಗಿಸಿಬಿಟ್ಟಿತು. ನನ್ನ ಪಕ್ಕದಲ್ಲಿ ಕುಳಿತಿದ್ದ ಗಣಿತದ ಮೇಷ್ಟರು ಕುಳಿತ ಜಾಗದಲ್ಲಿರಲಿಲ್ಲ. ಹೇಮಾವತಿಯನ್ನು ತುಂಬು ಹೊಳೆಯಲ್ಲಿ ಈಜಿದವರು ಅವರು. ಆ ನೀರಿನಲ್ಲಿ ಅವರ ಈಜು ಏನೂ ಸಾಗಲಿಲ್ಲ. ದೋಣಿಯವನು ಎರಡನೆಯ ಅಲೆಗೆ ಮುಂಚೆ ಅವರ ಅಂಗಿಯ ಕೊರಳನ್ನು ಹಿಡಿದು ಒಳಗೆಳೆದನು. ತೇಲುವ ಅಂಗಿ ದೋಣಿಯಲ್ಲಿ ಒಂದೂ ಇರಲಿಲ್ಲ. ನಾವು ಕೇಳಿಯೂ ಇರಲಿಲ್ಲ. ಆ ಮೇಷ್ಟರು ನಿವೃತ್ತರಾಗುವವರೆಗೂ ಮೀನಿನ ಮಾತೆತ್ತಲಿಲ್ಲ.

ಆದ್ದರಿಂದ ದಿನವನ್ನು ಗೊತ್ತುಮಾಡುವಾಗ ಶಾಲೆಯ ರಜೆಯನ್ನಲ್ಲ, ಪಂಚಾಂಗವನ್ನು ಮೊದಲು ನೋಡಬೇಕು, ಮುಹೂರ್ತಕ್ಕಲ್ಲ, ನೀರಿಗೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಸೂರ್ಯಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಕೂಡುವುದರಿಂದ ಉಬ್ಬರವೂ ಹೆಚ್ಚು, ಇಳಿತವೂ ಹೆಚ್ಚು. ಅಷ್ಟಮಿಗಳಲ್ಲಿ ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಎಳೆಯುವುದರಿಂದ ಎರಡೂ ಕಡಿಮೆ. ಈ ಫಲ ತಿಥಿಯ ದಿನವೇ ಕಾಣದೆ ಒಂದೆರಡು ದಿನ ತಡವಾಗಿ ಕಾಣುತ್ತದೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಎರಡು ಉಬ್ಬರಗಳೂ ನಮ್ಮ ಕರಾವಳಿಯಲ್ಲಿ ಸಮವಾಗಿರುವುದಿಲ್ಲ. ಹೊತ್ತು ದಿನದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಗುಜರಾತಿನ ಖಂಭಾತ ಕೊಲ್ಲಿಯಲ್ಲಿ ನೀರು 10 ಮೀಟರಿನಷ್ಟು ಏರಿ ಇಳಿಯುವುದುಂಟು. ನಮ್ಮಲ್ಲಿ ಅದು ಆಳೆತ್ತರವೂ ಇಲ್ಲ. ಆದರೆ ಕಿರಿದಾದ ಅಳಿವೆಯ ಬಾಯಲ್ಲಿ ಹಾಯಬೇಕಾದ್ದರಿಂದ ಅಷ್ಟೇ ನೀರಿಗೆ ಸಾಕಷ್ಟು ಬಿರುಸು ಬರುತ್ತದೆ. ಅಷ್ಟಮಿಯ ಮಾರನೆಯ ದಿನವನ್ನಾರಿಸಿ, ಹಿಂದಿರುಗುವ ಹೊತ್ತಿಗೆ ಅಳಿವೆಯಲ್ಲಿ ಉಬ್ಬರವಿರುವಂತೆ ನೋಡಿಕೊಳ್ಳಿ. ಬಂದರುಗಳಿಗೆ ಉಬ್ಬರವಿಳಿತದ ಪಟ್ಟಿ ಅಚ್ಚಾಗುತ್ತದೆ; ದೋಣಿಯವನಿಗೆ ಅದು ಬಾಯಲ್ಲಿಯೇ ಇರುತ್ತದೆ.

ಇನ್ನು ಗಾಳಿ. ರಾತ್ರಿ ನೆಲ ಬೇಗ ಆರುತ್ತದೆ, ಕಡಲು ಆರುವುದಿಲ್ಲ. ಬೆಳಗಿನ ಜಾವ ನೆಲದ ಕಡೆಯಿಂದ ಮೆಲುಗಾಳಿ ಬೀಸುತ್ತದೆ. ಬಿಸಿಲೇರಿದಂತೆ ನೆಲ ಕಾದು, ಮಧ್ಯಾಹ್ನಕ್ಕೆ ಕಡಲಿನ ಕಡೆಯಿಂದ ಗಾಳಿ ಬಲಿಯುತ್ತದೆ. ಬೇಸಗೆಯಲ್ಲಿ ಇದು ನಿತ್ಯದ ನೇಮ. ಕತ್ತಲಿರುವಾಗಲೇ ಹೊರಟು ಹನ್ನೊಂದರೊಳಗೆ ಹಿಂದಿರುಗಬೇಕೆನ್ನುವುದಕ್ಕೆ ಇದೇ ಕಾರಣ. ಈ ಲೆಕ್ಕಕ್ಕೂ ಉಬ್ಬರದ ಲೆಕ್ಕಕ್ಕೂ ಹೊಂದದಿದ್ದರೆ ದಿನವನ್ನೇ ಬದಲಾಯಿಸಬೇಕು.

ಗಾಳಿಯೇ ಇಲ್ಲದ ದಿನ ಏಳುವ ಅಲೆಯೂ ಒಂದುಂಟು. ಏಪ್ರಿಲ್ ಮೇ ತಿಂಗಳುಗಳಲ್ಲಿ, ದೂರದ ದಕ್ಷಿಣ ಸಾಗರದಲ್ಲೆದ್ದ ಬಿರುಗಾಳಿಯ ಅಲೆಗಳು ದಿನಗಟ್ಟಲೆ ಪಯಣಿಸಿ ಬಂದು ನಮ್ಮ ಪಶ್ಚಿಮ ತೀರಕ್ಕೆ ಬಡಿಯುತ್ತವೆ. ಆಕಾಶದಲ್ಲಿ ಮೋಡವಿಲ್ಲ, ಎಲೆ ಅಲುಗುವುದಿಲ್ಲ, ಕಡಲು ಮಾತ್ರ ಏರಿಬರುತ್ತದೆ. ಕಳ್ಳನಂತೆ ಬರುವ ಈ ಕಡಲಿಗೆ ಕೇರಳದ ಬೆಸ್ತರಿಟ್ಟ ‘ಕಳ್ಳಕ್ಕಡಲ್’ ಎಂಬ ಹೆಸರನ್ನೇ ಈಗ ವಿಜ್ಞಾನಿಗಳೂ ಬಳಸುತ್ತಾರೆ. ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಸಾಗರ ಮಾಹಿತಿ ಕೇಂದ್ರವು ಇದರ ಮುನ್ಸೂಚನೆಯನ್ನು ಹೊರಡಿಸುತ್ತದೆ. ಬೆಸ್ತರಿಗೆ ಎಚ್ಚರಿಕೆಯೆಂದು ಆಕಾಶವಾಣಿಯಲ್ಲಿ ಓದುವಾಗ ಒಳನಾಡಿನವರಾದ ನಾವು ‘ಇದು ನಮಗಲ್ಲ’ವೆಂದು ಕಿವಿ ತಿರುಗಿಸುವುದು ವಾಡಿಕೆ. ಪ್ರಯಾಣಕ್ಕೆ ಐದು ದಿನ ಮುಂಚಿನಿಂದ ಅದನ್ನು ಕೇಳತಕ್ಕದ್ದು. ಮೇ ತಿಂಗಳ ನಡುವಿನಿಂದಾಚೆಗೆ ಹೋಗಲೇ ಕೂಡದು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಮೂಲ್ಕಿಯ ಬಳಿ ಬಂಡೆಗಳಲ್ಲಿ ಸಿಕ್ಕಿಕೊಂಡ ಹಡಗಿನ ಒಂಬತ್ತು ಜನರನ್ನು ಬಿಡಿಸಿ ತರುವುದಕ್ಕೆ ಹೆಲಿಕಾಪ್ಟರ್ ಬೇಕಾಯಿತು. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳ ಮೀನುಗಾರಿಕೆಗೆ ಕಾನೂನಿನ ತಡೆಯೇ ಇದೆ. ಅದು ಬಿರುಗಾಳಿಯ ಕಾಲವೂ ಹೌದು, ಹಲವು ಮೀನುಗಳು ಮೊಟ್ಟೆಯಿಡುವ ಕಾಲವೂ ಹೌದು.

ದೋಣಿ ಗೊತ್ತುಮಾಡುವಾಗ ಬಾಡಿಗೆಗಿಂತ ಮೊದಲು ಕೇಳಬೇಕಾದುದು ಮೂರು: ನೋಂದಣಿ ಉಂಟೆ, ಜನಕ್ಕೊಂದರಂತೆ ತೇಲುವ ಅಂಗಿ ಉಂಟೆ, ಎಂಜಿನ್ ಕೆಟ್ಟರೆ ಗತಿಯೇನು. ಅಂಗಿ ದೋಣಿಯ ಮೂಲೆಯಲ್ಲಿದ್ದರೆ ಇಲ್ಲದಂತೆಯೇ, ದಡದಲ್ಲಿಯೇ ತೊಡಬೇಕು. ಹೊಟ್ಟೆ ತುಂಬ ತಿಂದು ಹೋಗಬೇಡಿ, ಬರಿಹೊಟ್ಟೆಯಲ್ಲಿಯೂ ಹೋಗಬೇಡಿ. ಒಣಶುಂಠಿಯ ಚೂರು ಬಾಯಲ್ಲಿರಲಿ, ತಲೆ ತಿರುಗಿದರೆ ದೂರದ ಬಾನಂಚನ್ನು ನೋಡಿ. ದಡದಿಂದ ಸ್ವಲ್ಪ ದೂರ ಹೋದರೆ ಕೈಯ ದೂರವಾಣಿ ಸುಮ್ಮನಾಗುತ್ತದೆ. ಎಲ್ಲಿಗೆ ಹೊರಟಿದ್ದೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂಬುದನ್ನು ದಡದಲ್ಲೊಬ್ಬರಿಗೆ ಬರೆದುಕೊಟ್ಟು, ಆ ಹೊತ್ತಿಗೆ ಬಾರದಿದ್ದರೆ ಕರಾವಳಿ ರಕ್ಷಣಾ ಪಡೆಯ 1554ಕ್ಕೆ ತಿಳಿಸಿರೆಂದು ಹೇಳಿರಬೇಕು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ವೆಂಬ ದೊಡ್ಡ ದೋಣಿ, ಕಡಲನ್ನೇ ಬಾಳಾಗಿ ಮಾಡಿಕೊಂಡಿದ್ದ ಏಳು ಮಂದಿಯೊಡನೆ ಕಾಣೆಯಾಯಿತು. ಅದರ ಅವಶೇಷ ಮಾಲವಣದ ಕಡೆಯ ಕಡಲ ತಳದಲ್ಲಿ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಅಷ್ಟು ಅನುಭವಿಗಳ ವಿಷಯದಲ್ಲೇ ತಿಂಗಳುಗಟ್ಟಲೆ ಮನೆಯವರು ದಾರಿ ಕಾಯಬೇಕಾಯಿತು.

ನಮ್ಮ ಐವರಿಗೆ ಚೈತ್ರ ಬಹುಳ ನವಮಿಯನ್ನು ಗೊತ್ತುಮಾಡಿಕೊಟ್ಟಿದ್ದೇನೆ. ಅಂದಿನ ಉಬ್ಬರದ ಹೊತ್ತನ್ನು ದೋಣಿಯವನಿಂದ ಕೇಳಿ ತಿಳಿಸಬೇಕಾದುದು ಅವರ ಪಾಲು. ಬೆಳಗ್ಗೆ ಐದಕ್ಕೆ ದೋಣಿಯಲ್ಲಿರಬೇಕಾದರೆ ಹಿಂದಿನ ದಿನವೇ ಘಾಟಿ ಇಳಿದು ಮಲ್ಪೆಯಲ್ಲಿ ತಂಗಬೇಕಾಗುತ್ತದೆ. ಹೆಚ್ಚಿನ ಖರ್ಚೆಂದು ಅವರು ಗೊಣಗಿದರು. ತೇಲುವ ಅಂಗಿ ಐದಲ್ಲ, ಆರು ಹೇಳಿರೆಂದು ನಾನು ಹೇಳಿದಾಗ ಮಾತ್ರ ಸುಮ್ಮನಾದರು.