ಗುಳಿಗೆ ನುಂಗುವ ತನಕ ಕಾಣದ ಕೊರತೆ

ಕೆಂಪು ರಕ್ತಕಣದ ಕೆಲಸವೇ ಅಪಾಯದ್ದು. ಹಗಲಿರುಳು ಆಮ್ಲಜನಕ ಹೊರುವ ಈ ಕಣಕ್ಕೆ ಅದೇ ಆಮ್ಲಜನಕದಿಂದ ಹುಟ್ಟುವ ಉಗ್ರ ಅಣುಗಳ ಪೆಟ್ಟು ತಪ್ಪದು. ಆ ಪೆಟ್ಟನ್ನು ತಡೆಯುವುದು ಗ್ಲುಟಥಯೋನ್ ಎಂಬ ಅಣು. ಗ್ಲುಟಥಯೋನನ್ನು ಮತ್ತೆ ಮತ್ತೆ ಅಣಿಗೊಳಿಸುವುದಕ್ಕೆ ಬೇಕಾದದ್ದು ಎನ್‌ಎಡಿಪಿಎಚ್ ಎಂಬ ಇನ್ನೊಂದು ಅಣು. ಅದನ್ನು ತಯಾರಿಸುವ ಕಿಣ್ವವೇ ಗ್ಲೂಕೋಸ್-6-ಫಾಸ್ಫೇಟ್ ಡಿಹೈಡ್ರೋಜಿನೇಸ್, ಚುಟುಕಾಗಿ ಜಿ6ಪಿಡಿ. ದೇಹದ ಬೇರೆ ಜೀವಕೋಶಗಳಿಗೆ ಎನ್‌ಎಡಿಪಿಎಚ್ ಪಡೆಯಲು ಅನ್ಯ ದಾರಿಗಳಿವೆ. ಬಲಿತ ಕೆಂಪುಕಣದಲ್ಲಿ ಕೋಶಕೇಂದ್ರವೂ ಇಲ್ಲ, ಮೈಟೊಕಾಂಡ್ರಿಯವೂ ಇಲ್ಲ. ಹುಟ್ಟುವಾಗ ತಂದ ಕಿಣ್ವದಲ್ಲೇ ಸುಮಾರು 120 ದಿನ ಬಾಳಬೇಕು.

ಈ ಕಿಣ್ವ ಆನುವಂಶಿಕವಾಗಿ ಕಡಿಮೆ ಇರುವವರು ಜಗತ್ತಿನಲ್ಲಿ 40 ಕೋಟಿಗೂ ಹೆಚ್ಚು. ಅವರಲ್ಲಿ ಬಹುಪಾಲು ಜನ ಅದನ್ನು ಅರಿಯದೆಯೇ ಆರೋಗ್ಯವಾಗಿ ಬದುಕುತ್ತಾರೆ. ಯಾವುದೋ ಔಷಧ, ಸೋಂಕು ಅಥವಾ ಆಹಾರ ಆ ಉಗ್ರ ಅಣುಗಳ ಹೊರೆಯನ್ನು ಏಕಾಏಕಿ ಏರಿಸಿದಾಗ ಹಿಮೋಗ್ಲೋಬಿನ್ ಕೆಟ್ಟು ಗಂಟುಕಟ್ಟುತ್ತದೆ, ಕಣಗಳು ಒಡೆಯುತ್ತವೆ. ಒಂದೆರಡು ದಿನದಲ್ಲಿ ಕಣ್ಣು ಹಳದಿ, ಮೂತ್ರ ಕಡುಕಂದು, ವಿಪರೀತ ಸುಸ್ತು, ಏದುಸಿರು. ಕಾರಣವಾದದ್ದನ್ನು ನಿಲ್ಲಿಸಿದರೆ ಸಾಮಾನ್ಯವಾಗಿ ಹೊಸ ಕಣಗಳು ಬಂದು ರಕ್ತ ಚೇತರಿಸಿಕೊಳ್ಳುತ್ತದೆ. ವಿಪರೀತಕ್ಕೆ ಹೋದರೆ ರಕ್ತ ಕೊಡಬೇಕಾಗುತ್ತದೆ, ಮೂತ್ರಪಿಂಡಕ್ಕೂ ಧಕ್ಕೆಯಾಗಬಹುದು.

ಜಿ6ಪಿಡಿ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಂಡಿಗೆ ಒಂದೇ ಎಕ್ಸ್, ಅದೂ ತಾಯಿಯಿಂದ ಬಂದದ್ದು. ಅದು ದೋಷದ್ದಾದರೆ ಕೊರತೆ ಖಚಿತ. ಒಂದು ಎಕ್ಸಿನಲ್ಲಿ ದೋಷವಿರುವ ತಾಯಿಯ ಪ್ರತಿ ಗಂಡುಮಗುವಿಗೂ ಅದು ಬರುವ ಸಂಭವ ಅರ್ಧದಷ್ಟು. ಕೊರತೆಯಿರುವ ತಂದೆಯಿಂದ ಗಂಡುಮಕ್ಕಳಿಗೆ ದೋಷ ಹೋಗದು, ಹೆಣ್ಣುಮಕ್ಕಳಿಗೆಲ್ಲ ಹೋಗುತ್ತದೆ. ಹೆಣ್ಣಿನ ಪ್ರತಿ ಜೀವಕೋಶದಲ್ಲೂ ಎರಡು ಎಕ್ಸ್‌ಗಳಲ್ಲಿ ಒಂದು ಸುಮ್ಮನಾಗುತ್ತದೆಂದು 1961ರಲ್ಲಿ ಮೇರಿ ಲಯನ್ ಹೇಳಿದರು. ಹಾಗಾಗಿ ದೋಷ ಹೊತ್ತ ಹೆಣ್ಣಿನ ರಕ್ತದಲ್ಲಿ ಒಳ್ಳೆಯ ಕಣ, ಕೊರತೆಯ ಕಣ ಎರಡೂ ಬೆರೆತಿರುತ್ತವೆ. ಕೊರತೆಯ ಕಣಗಳೇ ಹೆಚ್ಚಾದರೆ ಆಕೆಗೂ ಗಂಡಸರಷ್ಟೇ ತೊಂದರೆ. ಇದು ಬರೀ ಗಂಡಸರ ಕಾಯಿಲೆ ಎಂಬ ಮಾತು ತಪ್ಪು. ಸೋದರಮಾವನಿಗೆ ಹೆಣ್ಣು ಕೊಡುವ ರೂಢಿಯಿರುವ ನಮ್ಮ ಕಡೆ ಇದನ್ನು ಇನ್ನಷ್ಟು ನೆನಪಿಡಬೇಕು: ಮಾವನಲ್ಲಿರುವ ದೋಷದ ಎಕ್ಸೇ ಅಕ್ಕನ ಮಗಳಲ್ಲೂ ಇರಬಹುದು, ಆಗ ಅವರ ಹೆಣ್ಣುಮಗುವಿಗೆ ಎರಡೂ ಕಡೆಯಿಂದ ಬರಬಹುದು.

ಇಷ್ಟು ಹಾನಿಕರ ದೋಷ ಇಷ್ಟೊಂದು ಜನರಲ್ಲಿ ಉಳಿದದ್ದಕ್ಕೆ ಮಲೇರಿಯಾ ಕಾರಣ. ಕೊರತೆಯ ಕಣದಲ್ಲಿ ಮಲೇರಿಯಾ ಪರೋಪಜೀವಿ ಸರಿಯಾಗಿ ಬೆಳೆಯದು.  ಕಿಣ್ವದ ಕೊರತೆ ಬೆಳಕಿಗೆ ಬಂದದ್ದೂ ಮಲೇರಿಯಾದ ಮದ್ದಿನಿಂದ. ಅಮೆರಿಕದ ಇಲಿನಾಯ್ ರಾಜ್ಯದ ಸ್ಟೇಟ್‌ವಿಲ್ ಸೆರೆಮನೆಯಲ್ಲಿ ಕೈದಿಗಳಿಗೆ ಪ್ರೈಮಾಕ್ವಿನ್ ಕೊಟ್ಟಾಗ ಕೆಲವರ ರಕ್ತಕಣ ಮಾತ್ರ ಒಡೆದವು. 1956ರಲ್ಲಿ ಪಾಲ್ ಕಾರ್ಸನ್ ಮತ್ತು ಸಂಗಡಿಗರು ಕಾರಣ ಕಂಡುಹಿಡಿದರು. ಸೆರೆಯಾಳುಗಳ ಮೇಲೆ ನಡೆದ ಇಂಥ ಪ್ರಯೋಗವನ್ನು ಇಂದು ಯಾರೂ ಒಪ್ಪುವುದಿಲ್ಲ. ಭಾರತದಲ್ಲಿ ಹೆಚ್ಚಾಗಿ ಕಾಣುವ ಈ ಜೀನ್ ದೋಷದ ರೂಪಾಂತರಗಳು ಮೂರು: ಮೆಡಿಟರೇನಿಯನ್, ಕೇರಳ-ಕಲ್ಯಾಣ್, ಒರಿಸ್ಸಾ. ಮೊದಲನೆಯದೇ ಹೆಚ್ಚು ತೀವ್ರ.

ಅಪಾಯ ಔಷಧದ ಅಂಗಡಿಯಲ್ಲಷ್ಟೇ ಇಲ್ಲ. ಮೂಸಿ ನದಿಯ ಉತ್ತರಕ್ಕೆ, ಉಸ್ಮಾನಿಯಾ ಆಸ್ಪತ್ರೆಗೆ ಹತ್ತಿರದಲ್ಲೇ ಇರುವ ಬೇಗಂ ಬಜಾರ್ ಹೈದರಾಬಾದಿನ ಹಳೆಯ ಸಗಟು ಮಾರುಕಟ್ಟೆ. ಮಸಾಲೆ, ಒಣಹಣ್ಣು, ಪಾತ್ರೆಯಿಂದ ಹಿಡಿದು ಮನೆಗೆ ಬೇಕಾದುದೆಲ್ಲ ಅಲ್ಲಿ ಸಿಗುತ್ತದೆ. ಇಂಥ ಪೇಟೆಯ ಸರಕಿನಲ್ಲಿ ಈ ಕೊರತೆಯವರು ನೋಡಿಕೊಳ್ಳಬೇಕಾದವು ಎರಡು. ಒಂದು, ಬಟ್ಟೆಯ ನಡುವೆ ಇಡುವ ನುಸಿಗುಳಿಗೆ. ಇದರಲ್ಲಿರುವ ನ್ಯಾಫ್ತಲಿನ್ ಉಸಿರಿನಿಂದಲೂ ಚರ್ಮದಿಂದಲೂ ಒಳಹೋಗುತ್ತದೆ. ಪೆಟ್ಟಿಗೆಯಿಂದ ತೆಗೆದ ಹಳೆಯ ಕುಲಾವಿ, ಹೊದಿಕೆಯನ್ನು ಹಾಗೆಯೇ ಹಸುಗೂಸಿಗೆ ಬಳಸಿದರೆ ಸಾಕು, ಕಾಮಾಲೆ ಉಲ್ಬಣಿಸಬಹುದು. ಇನ್ನೊಂದು, ಗೋರಂಟಿ. ಅದಕ್ಕೆ ಬಣ್ಣ ಕೊಡುವ ಲಾಸೋನ್ ರಸಾಯನಶಾಸ್ತ್ರದಲ್ಲಿ ನ್ಯಾಫ್ತಲಿನ್ನಿನ ಬಳಗದ್ದೇ. ಶಿಶುಗಳ ಮೈಗೆ ಅದನ್ನು ಹಚ್ಚಿ ಪ್ರಾಣಾಪಾಯವಾದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ಆಹಾರದಲ್ಲಿ ನಿಜವಾಗಿ ಬಿಡಬೇಕಾದದ್ದು ಬಾಕ್ಲಾ ಎನ್ನುವ ಫಾವಾ ಕಾಳು; ಅದರಲ್ಲಿರುವ ವೈಸಿನ್, ಕನ್ವೈಸಿನ್ ರಕ್ತಕಣಕ್ಕೆ ಮಾರಕ. ಚಳಿಗಾಲದಲ್ಲಿ ನಾವು ಹಿತಕಿ ತಿನ್ನುವ ಅವರೆ ಬೇರೆಯೇ ಗಿಡ. ಕಡಲೆ, ತೊಗರಿ, ಸೋಯಾ ಎಲ್ಲವನ್ನೂ ನಿಷೇಧಿಸುವ ಪಟ್ಟಿಗಳು ಫೋನಿನಲ್ಲಿ ಹರಿದಾಡುತ್ತವೆ; ಅವುಗಳಿಗೆ ಗಟ್ಟಿ ಆಧಾರವಿಲ್ಲ.

ಕೊರತೆ ಮೊದಲು ತಲೆಯೆತ್ತುವುದು ಅನೇಕವೇಳೆ ಬಾಣಂತಿಕೋಣೆಯಲ್ಲಿ. ಎರಡು-ಮೂರನೆಯ ದಿನ ಏರುವ ಕಾಮಾಲೆಗೆ ಬೆಳಕಿನ ಚಿಕಿತ್ಸೆ ತಡವಾದರೆ ಬಿಲಿರುಬಿನ್ ಎಂಬ ಹಳದಿ ವಸ್ತು ಮಿದುಳಿಗೆ ಸೇರಿ ಕಿವುಡು, ಅಂಗವಿಕಲತೆ ತರಬಲ್ಲದು. ಹೈದರಾಬಾದಿನ 4 ಸರ್ಕಾರಿ ಹೆರಿಗೆ ಆಸ್ಪತ್ರೆಗಳಲ್ಲಿ 2000ದಲ್ಲಿ ಆರಂಭವಾದ ನವಜಾತ ಶಿಶು ತಪಾಸಣೆಯಲ್ಲಿ ಜಿ6ಪಿಡಿಯೂ ಇತ್ತು. 18 ಸಾವಿರಕ್ಕೂ ಹೆಚ್ಚು ಮಕ್ಕಳ ರಕ್ತ ಪರೀಕ್ಷಿಸಲಾಯಿತು. ಇಷ್ಟು ವರ್ಷಗಳಾದರೂ ದೇಶದ ಎಲ್ಲ ಹೆರಿಗೆ ಆಸ್ಪತ್ರೆಗಳಲ್ಲಿ ಅದು ಕಡ್ಡಾಯವಾಗದಿರುವುದು ವಿಷಾದದ ಸಂಗತಿ.

ಪರೀಕ್ಷೆಯಲ್ಲೂ ಒಂದು ಮೋಸವಿದೆ. ರಕ್ತ ಒಡೆಯುತ್ತಿರುವಾಗ ಹಳೆಯ ಕಣಗಳು ಸತ್ತು, ಕಿಣ್ವ ಹೆಚ್ಚಿರುವ ಎಳೆಯ ಕಣಗಳು ಉಳಿದಿರುತ್ತವೆ. ಆಗ ಫಲಿತಾಂಶ ಸರಿಯಿದೆ ಎಂದೇ ಬರಬಹುದು. ಅನುಮಾನವಿದ್ದರೆ ಸುಮಾರು ಮೂರು ತಿಂಗಳ ನಂತರ ಮತ್ತೆ ಮಾಡಿಸಬೇಕು.

ಈ ಕೊರತೆಯನ್ನು ನೀಗಿಸುವ ಮದ್ದು ಬಳಕೆಯಲ್ಲಿಲ್ಲ; ತಿಳಿದಿರುವುದೇ ರಕ್ಷಣೆ. ಡ್ಯಾಪ್ಸೋನ್, ರ‍್ಯಾಸ್ಬುರಿಕೇಸ್, ಮೆಥಿಲೀನ್ ಬ್ಲೂ ಎಂಬ ಔಷಧಗಳು ಕೊರತೆಯಿರುವವರಿಗೆ ಅಪಾಯಕರ. ವೈವಾಕ್ಸ್ ಮಲೇರಿಯಾ ಮರುಕಳಿಸದಂತೆ 14 ದಿನ ಕೊಡುವ ಪ್ರೈಮಾಕ್ವಿನ್ ಇವರಿಗೆ ಸಲ್ಲದು. ಅಗತ್ಯವಿದ್ದರೆ ವೈದ್ಯರ ಕಣ್ಗಾವಲಿನಲ್ಲಿ ವಾರಕ್ಕೊಮ್ಮೆಯಂತೆ 8 ವಾರ ಕೊಡುವ ಕ್ರಮವುಂಟು. ಆದ್ದರಿಂದ ಮಗುವಿನ ಜಿ6ಪಿಡಿ ವರದಿಯನ್ನು ಲಸಿಕೆಯ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ. ಜ್ವರಕ್ಕೆ ಯಾವ ವೈದ್ಯರ ಬಳಿ ಹೋದರೂ ಚೀಟಿ ಬರೆಯುವ ಮೊದಲೇ ಅದನ್ನು ತೋರಿಸಿ.