ಖಾಲಿ ಕುರ್ಚಿ, ತುಂಬಿದ ಕುರ್ಚಿ

ಗೆಲ್ಲಿಸಿದ ಮತದಾರನೇ ಇಳಿಸಲೂಬಹುದೆ? ಮಧ್ಯಪ್ರದೇಶದ ಅನೂಪ್ಪುರದಲ್ಲಿ 2001ರಲ್ಲಿ ಅದು ನಡೆಯಿತು. ಮತದಾರರ ಮುಂದಿದ್ದದ್ದು ಎರಡೇ ಚಿಹ್ನೆ: ತುಂಬಿದ ಕುರ್ಚಿ, ಖಾಲಿ ಕುರ್ಚಿ. ಗೆದ್ದದ್ದು ಖಾಲಿ ಕುರ್ಚಿ. ಪುರಸಭೆಯ ಅಧ್ಯಕ್ಷೆ ಅಧಿಕಾರ ಕಳೆದುಕೊಂಡರು. 2008ರಲ್ಲಿ ಛತ್ತೀಸ್‌ಗಢದ ಮೂವರು ಅಧ್ಯಕ್ಷರಿಗೂ ಇದೇ ಗತಿಯಾಯಿತು. ಆದರೆ ಅಲ್ಲೂ ಮೊದಲ ಹೆಜ್ಜೆ ಜನರದ್ದಲ್ಲ. ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಸಹಿ ಹಾಕಿದ ಮೇಲಷ್ಟೇ ಮತದಾನ.

ಮಂಗಳೂರಿನ ಮತದಾರನಿಗೆ ಈ ಅಸ್ತ್ರವೂ ಇಲ್ಲ. ಮೇಯರನ್ನು ಗೆಲ್ಲಿಸುವವನೇ ಅವನಲ್ಲ. ಆ ಆಯ್ಕೆ ಪಾಲಿಕೆಯ ಸಭೆಯೊಳಗೆ ನಡೆಯುತ್ತದೆ. 2020ರಿಂದ 2025ರವರೆಗಿನ ಅವಧಿಯಲ್ಲಿ ಲಾಲ್‌ಬಾಗ್‌ನ ಆ ಕುರ್ಚಿಯಲ್ಲಿ ಐವರು ಕುಳಿತೆದ್ದರು. ಚರಂಡಿಯ ದೂರು ಇತ್ಯರ್ಥವಾಗುವ ಮೊದಲೇ ಮೇಯರ್ ಬದಲು! ಇಳಿಸುವುದಾದರೂ ಯಾರನ್ನು?

ಹಾಗಾಗಿ ಇಲ್ಲಿನ ನಾಗರಿಕರು ಬೇರೊಂದು ಕುರ್ಚಿ ಕೇಳಿದರು. ಸಂವಿಧಾನದ 74ನೇ ತಿದ್ದುಪಡಿ ಹೇಳುವ ವಾರ್ಡ್ ಸಮಿತಿಗಳಿಗಾಗಿ ಹೈಕೋರ್ಟಿನ ಮೆಟ್ಟಿಲೇರಿದರು. ಕೊನೆಗೆ 60 ವಾರ್ಡ್‌ಗಳಿಗೂ ಸಮಿತಿ ರಚನೆಯಾಯಿತು. ಕಾರ್ಪೊರೇಟರ್ ಎದುರು ಕುಳಿತು ಲೆಕ್ಕ ಕೇಳುವ ಅವಕಾಶ ಒದಗಿತು.

ಮೇಯರ ಕುರ್ಚಿಯನ್ನು ಖಾಲಿ ಮಾಡಿಸುವ ಹಕ್ಕು ಜನರಿಗಿಲ್ಲ, ನಿಜ. ತಮ್ಮ ವಾರ್ಡಿನ ಸಭೆಯಲ್ಲಿ ತಮ್ಮ ಕುರ್ಚಿ ಖಾಲಿ ಬೀಳದಂತೆ ನೋಡಿಕೊಳ್ಳುವುದು ಮಾತ್ರ ಅವರ ಕೈಯಲ್ಲೇ ಇದೆ.